ಚಿಕ್ಕಪ್ಪನ ಅಂಗಡಿ ಲೆಕ್ಕದಿಂದ ಡ್ಯಾಶ್‌ಬೋರ್ಡ್‌ವರೆಗೆ: ಪಿಜಿ ಓದುತ್ತಲೇ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್) ಕಲಿಯಲು ಸಮಗ್ರ ಮಾರ್ಗದರ್ಶಿ

ಸಂಕ್ರಾಂತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಬಿಚ್ಚಿ ನನ್ನ ಮೊದಲ ಡ್ಯಾಶ್‌ಬೋರ್ಡ್ ತೋರಿಸಿದೆ. ಆಗ ನಾನು ಎಂ.ಕಾಂ. ಮೊದಲ ವರ್ಷದಲ್ಲಿದ್ದೆ. ಚಿಕ್ಕಪ್ಪನಿಗೆ ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರದೇ ಬಿಲ್ಲುಗಳ ಲೆಕ್ಕ, ತಿಂಗಳಿಗೊಂದು ನೀಲಿ ಕಂಬ, ಮೇಲೆ ದಪ್ಪ ಅಕ್ಷರದಲ್ಲಿ ವರ್ಷದ ಒಟ್ಟು ಮಾರಾಟ. ಅವರು ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡು ಒಮ್ಮೆ ನೋಡಿದರು. "ಏನೇ ಪುಟ್ಟಿ, ಇಷ್ಟ್ ವ್ಯಾಪಾರ ಆಗಿದ್ದಿದ್ರೆ ನಾನ್ಯಾಕೆ ಇನ್ನೂ ಆ ಹಳೇ ಮೊಪೆಡ್ಡಲ್ಲೇ ಓಡಾಡ್ತಿದ್ದೆ?" ಅಂದರು.

ಮಾರಾಟ ಹತ್ತಿರ ಹತ್ತಿರ ಎರಡರಷ್ಟು ಬಂದಿತ್ತು. ಯಾಕೆ ಹಾಗಾಯಿತು ಅನ್ನುವುದನ್ನು ಹಂತ 4ರಲ್ಲಿ ಹೇಳುತ್ತೇನೆ. ಆ ತಪ್ಪು ಬಹುಶಃ ನೀವೂ ಮಾಡುತ್ತೀರಿ. ಅವತ್ತು ನನಗೆ ಗೊತ್ತಾದದ್ದು ಇಷ್ಟೇ: ಮೂರು ತಿಂಗಳು ನಾನು ಕಲಿತಿದ್ದು ಬಣ್ಣ ಹಚ್ಚುವುದನ್ನು, ಲೆಕ್ಕವನ್ನಲ್ಲ. ಡ್ಯಾಶ್‌ಬೋರ್ಡ್ ಮಾಡುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್ ಪವರ್ ಬಿಐ, ಅದರ ವಿಡಿಯೋಗಳನ್ನು ನೋಡಿ ನೋಡಿ ಗುಂಡಿ ಎಲ್ಲಿದೆ ಅಂತ ಗೊತ್ತಾಗಿತ್ತು, ಒತ್ತಿದರೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಉಲ್ಟಾ ಕ್ರಮದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಂ.ಕಾಂ., ಎಂಬಿಎ, ಎಂಸಿಎ ಓದುತ್ತಾ ವಾರಕ್ಕೆ 8–10 ಗಂಟೆ ಕೊಡಬಲ್ಲವರಿಗೆ ಆ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಆರು ತಿಂಗಳು ಹಿಡಿಯುತ್ತದೆ. ಒಂದು ತಿಂಗಳಲ್ಲಿ ಕಲಿಸುತ್ತೇವೆ ಅನ್ನುವವರಿಗೆ ಫೀಸು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ.

ಬಿಐ ಅಂದರೆ ಏನು, ಏನಲ್ಲ

ಅಂಗಡಿಯಲ್ಲಿ ದಿನವಹಿ ಇರುತ್ತದೆ, ಖಾತೆ ಪುಸ್ತಕ ಇರುತ್ತದೆ. ಏನು ನಡೆಯಿತೋ ಅದನ್ನು ಬರೆದಿಡುವುದು ಅವುಗಳ ಕೆಲಸ. ಆ ಪುಸ್ತಕಗಳನ್ನು ಪ್ರಶ್ನೆ ಕೇಳಿ, ಸಿಕ್ಕ ಉತ್ತರದಿಂದ ಒಂದು ತೀರ್ಮಾನಕ್ಕೆ ಬರುವುದೇ ಬಿಸಿನೆಸ್ ಇಂಟೆಲಿಜೆನ್ಸ್. ಐಬಿಎಂನ ಹಾನ್ಸ್ ಪೀಟರ್ ಲೂನ್ 1958ರಲ್ಲೇ ಈ ಹೆಸರಿನಲ್ಲಿ ಪ್ರಬಂಧ ಬರೆದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ದಾಖಲೆಗಳನ್ನು ಬೇಕಾದವರ ಕೈಗೆ ತಾನಾಗಿ ಮುಟ್ಟಿಸುವ ಯಂತ್ರ. ಇವತ್ತಿನ ಅರ್ಥದಲ್ಲಿ ಈ ಮಾತನ್ನು ಬಳಕೆಗೆ ತಂದವರು ವಿಶ್ಲೇಷಕ ಹೊವರ್ಡ್ ಡ್ರೆಸ್ನರ್, 1989ರಲ್ಲಿ.

ಡೇಟಾ ಸೈನ್ಸ್ ಬೇರೆ. ಮುಂದಿನ ತಿಂಗಳು ಏನಾಗಬಹುದು ಎಂದು ಅಂದಾಜು ಮಾಡುವುದು ಅದರ ಮುಖ್ಯ ಕೆಲಸ. ಏನಾಯಿತು, ಎಲ್ಲಿ ಆಯಿತು, ಹೋದ ವರ್ಷಕ್ಕಿಂತ ಜಾಸ್ತಿಯೋ ಕಮ್ಮಿಯೋ ಅನ್ನುವುದು ಬಿಐ. ಇದಕ್ಕೆ ಕಷ್ಟದ ಗಣಿತ ಬೇಡ. ಕೂಡುವುದು, ಕಳೆಯುವುದು, ಶೇಕಡಾವಾರು ಬಂದರೆ ಸಾಕು. ಆದರೆ ಯಾವುದನ್ನು ಕೂಡಬೇಕು, ಯಾವುದನ್ನು ಕೂಡಬಾರದು ಅನ್ನುವುದರಲ್ಲೇ ಎಲ್ಲ ಕಷ್ಟ ಇದೆ.

ಹಂತ 1: ಟೂಲ್ ಬೇಡ, ಮೊದಲು ಒಂದು ಅಂಗಡಿ ಹಿಡಿಯಿರಿ

ಕೋರ್ಸುಗಳಲ್ಲಿ ಅಮೆರಿಕದ ಯಾವುದೋ ಸೂಪರ್‌ಸ್ಟೋರಿನ ಡೇಟಾ ಕೊಡುತ್ತಾರೆ. ಎಲ್ಲರೂ ಅದನ್ನೇ ಮಾಡಿರುತ್ತಾರೆ. ಅದರಲ್ಲಿ ತಪ್ಪು ಉತ್ತರ ಬಂದರೆ ಬೈಯುವವರು ಯಾರೂ ಇಲ್ಲ. ದೊಡ್ಡ ತೊಂದರೆ ಅದೇ. ನಿಮಗೆ ಬೇಕಾಗಿರುವುದು "ಇದು ಸಾಧ್ಯವೇ ಇಲ್ಲ" ಎಂದು ಹೇಳಬಲ್ಲ ಒಬ್ಬ ಮನುಷ್ಯ.

ಅತ್ತೆಯ ಬಟ್ಟೆ ಅಂಗಡಿ, ಊರಿನ ಹಾಲಿನ ಡೇರಿ, ಹಾಸ್ಟೆಲ್ ಮೆಸ್, ಗೆಳೆಯನ ಮೆಡಿಕಲ್ ಸ್ಟೋರ್, ಯಾವುದಾದರೂ ಆದೀತು. ಹೆಚ್ಚಿನ ಅಂಗಡಿಗಳಲ್ಲಿ ಟ್ಯಾಲಿ ಇರುತ್ತದೆ. ಅದು ಲೆಕ್ಕ ಬರೆಯುವ, ಬೆಂಗಳೂರಿನದೇ ಸಾಫ್ಟ್‌ವೇರ್, ಅದರಿಂದ ಬಿಲ್ಲುಗಳ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆಯಬಹುದು. ಅಂಗಡಿ ಸಿಗದಿದ್ದರೆ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಎಪಿಎಂಸಿ ಧಾರಣೆ ಸಿಗುತ್ತದೆ. ಕೇಂದ್ರ ಸರ್ಕಾರದ ಓಪನ್ ಡೇಟಾ ತಾಣವೂ 2012ರಿಂದ ಇದೆ. ಅಡಿಕೆ, ಕೊಬ್ಬರಿ ಧಾರಣೆ ತೆಗೆದುಕೊಂಡರೆ ಮನೆಯಲ್ಲೇ ಯಾರಾದರೂ ನಿಮ್ಮ ತಪ್ಪು ಹಿಡಿಯುತ್ತಾರೆ.

ಡೇಟಾ ಕೈಗೆ ಬರುವ ಮುಂಚೆ ಎರಡು ಕೆಲಸ. ಒಂದು, ಮಾಲೀಕರ ಒಪ್ಪಿಗೆ ಕೇಳಿ. ಗಿರಾಕಿಗಳ ಹೆಸರು, ಫೋನ್ ನಂಬರ್, ಜಿಎಸ್‌ಟಿ ನಂಬರ್ ತೆಗೆದುಹಾಕಿ 'ಗಿರಾಕಿ 1', 'ಗಿರಾಕಿ 2' ಎಂದು ಮಾಡಿಕೊಳ್ಳಿ. ಖಾಸಗಿ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಬಿಡಿ, ಯಾರು ಎಷ್ಟು ಉದ್ರಿ ಇಟ್ಟಿದ್ದಾರೆ ಅನ್ನುವುದು ಊರಿಗೆ ಗೊತ್ತಾಗಬಾರದು, ಅಲ್ವಾ?

ಎರಡು, ಮಾಲೀಕರ ಜತೆ ಕೂತು ಮೂರು ಪ್ರಶ್ನೆ ಬರೆದುಕೊಳ್ಳಿ. ಪ್ರತಿ ಪ್ರಶ್ನೆಯ ಎದುರು "ಉತ್ತರ ಗೊತ್ತಾದರೆ ಏನು ಮಾಡ್ತೀರಿ?" ಎಂದು ಕೇಳಿ ಅದನ್ನೂ ಬರೆಯಿರಿ. "ಒಟ್ಟು ಮಾರಾಟ ಎಷ್ಟು" ಅನ್ನುವ ಪ್ರಶ್ನೆಗೆ ಚಿಕ್ಕಪ್ಪನ ಉತ್ತರ, "ಏನ್ ಮಾಡೋದು, ಸುಮ್ನೆ ನೋಡೋದು" ಎಂದಾಗಿತ್ತು. "ಆರು ತಿಂಗಳಿಂದ ಅಲುಗಾಡದ ಸರಕು ಯಾವುದು?" ಎಂದಾಗ ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡರು. ಆ ಪಟ್ಟಿ ಸಿಕ್ಕಿದರೆ ಅರ್ಧ ರೇಟಿಗಾದರೂ ಮಾರಿ ದುಡ್ಡು ಬಿಡಿಸಿಕೊಳ್ಳಬಹುದು. ನನ್ನ ಪ್ರಾಜೆಕ್ಟ್ ಅದೇ ಆಯಿತು.

ಹಂತ 2: ಎಕ್ಸೆಲ್, ನಾಲ್ಕು ವಾರ

ಎಕ್ಸೆಲ್ ಬರುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ಇಷ್ಟನ್ನು ಪರೀಕ್ಷೆ ಮಾಡಿಕೊಳ್ಳಿ: ಸಾಲುಗಳನ್ನು ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡುವುದು, ಪಿವೋಟ್ ಟೇಬಲ್ (ಗುಂಪು ಗುಂಪಾಗಿ ಸಾರಾಂಶ), ಸಮ್‌ಇಫ್ಸ್ (ಷರತ್ತು ಹಾಕಿ ಕೂಡುವುದು), ಎಕ್ಸ್‌ಲುಕಪ್ (ಇನ್ನೊಂದು ಪಟ್ಟಿಯಲ್ಲಿ ಹುಡುಕಿ ತರುವುದು) ಮತ್ತು ಪವರ್ ಕ್ವೆರಿ (ಡೇಟಾ ತಂದು ಶುದ್ಧ ಮಾಡುವುದು). ಹಳೆಯ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಇಲ್ಲ, ವಿಲುಕಪ್ ಬಳಸಬೇಕು. ಆಗ ಕೊನೆಯಲ್ಲಿ 'ಫಾಲ್ಸ್' ಹಾಕುವುದನ್ನು ಮರೆಯಬೇಡಿ. ಬಿಟ್ಟರೆ ಅದು ಸರಿಯಾದ್ದನ್ನು ಹುಡುಕುವ ಬದಲು ಹತ್ತಿರದ್ದನ್ನು ಹಿಡಿದು ತರುತ್ತದೆ. ದೂರು ಹೇಳುವುದೂ ಇಲ್ಲ.

ಇವುಗಳಲ್ಲಿ ಪವರ್ ಕ್ವೆರಿಗೆ ಜಾಸ್ತಿ ಸಮಯ ಕೊಡಿ. ನೀವು ಮಾಡಿದ ಒಂದೊಂದು ಶುದ್ಧೀಕರಣವನ್ನೂ ಅದು ಹೆಜ್ಜೆ ಹೆಜ್ಜೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು ಹೊಸ ಫೈಲ್ ಕೊಟ್ಟು ರಿಫ್ರೆಶ್ ಒತ್ತಿದರೆ ಎಲ್ಲವೂ ಮತ್ತೆ ಆಗುತ್ತದೆ. ಪವರ್ ಬಿಐ ಒಳಗೂ ಇದೇ ಪವರ್ ಕ್ವೆರಿ ಇರುವುದರಿಂದ ಇಲ್ಲಿ ಕಲಿತದ್ದು ಅಲ್ಲಿಗೂ ಬರುತ್ತದೆ.

ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಮಾತ್ರ. ಅಂಗಡಿಗೆ ಸಾಕು, ಕಂಪನಿಗೆ ಸಾಲದು. ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡಿಸುವ ಮ್ಯಾಕ್ರೋ, ಅದರ ಕೋಡ್ ಭಾಷೆ ವಿಬಿಎ ಈಗ ಬೇಡ.

ಹಂತ 3: ಕೊಳೆ ತೊಳೆಯುವುದು

ಯಾರೂ ಖುಷಿಯಿಂದ ಕಲಿಯದ, ಆದರೆ ಕೆಲಸದ ಮುಕ್ಕಾಲು ಹೊತ್ತನ್ನು ತಿನ್ನುವ ಭಾಗ ಇದು. ನನ್ನ ಫೈಲಿನಲ್ಲಿ ಒಂದೇ ಸಾಮಾನು ಮೂರು ಹೆಸರಲ್ಲಿತ್ತು: 'ಎಲ್ಬೋ 3/4', 'ಎಲ್ಬೋ ಮುಕ್ಕಾಲು', 'ಮುಕ್ಕಾಲಿಂಚ್ ಎಲ್ಬೋ'. ಹುಡುಗರು ಬದಲಾದ ಹಾಗೆಲ್ಲ ಹೆಸರೂ ಬದಲಾಗಿದೆ. ಮೊಳೆಯನ್ನು ಒಬ್ಬರು ಕೆ.ಜಿ. ಲೆಕ್ಕದಲ್ಲಿ, ಇನ್ನೊಬ್ಬರು ಪೊಟ್ಟಣದ ಲೆಕ್ಕದಲ್ಲಿ ಬರೆದಿದ್ದಾರೆ. ಎರಡನ್ನೂ ಕೂಡಿದರೆ ಏನು ಬರುತ್ತದೋ ದೇವರಿಗೇ ಗೊತ್ತು.

ಇಂಥ ಕಡೆ ಮೂಲ ಫೈಲನ್ನು ಮುಟ್ಟಬೇಡಿ. ಬೇರೆ ಹಾಳೆಯಲ್ಲಿ ಎರಡು ಕಾಲಂ ಮಾಡಿ: ಎಡಕ್ಕೆ ಫೈಲಿನಲ್ಲಿರುವ ಹೆಸರು, ಬಲಕ್ಕೆ ಇರಬೇಕಾದ ಹೆಸರು. ಆ ಪಟ್ಟಿಯನ್ನು ಪವರ್ ಕ್ವೆರಿಯಲ್ಲಿ ಜೋಡಿಸಿ. ಹೊಸ ತಪ್ಪು ಸಿಕ್ಕಾಗ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಕರ್ನಾಟಕದ ಡೇಟಾ ಮುಟ್ಟುವವರಿಗೆ ಊರಿನ ಹೆಸರಿನ ತೊಂದರೆ ಗ್ಯಾರಂಟಿ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು. ಬೆಳಗಾಂ ಬೆಳಗಾವಿ ಆಯಿತು, ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಅದಕ್ಕಿಂತ ಹಿಂದಿನ ಡೇಟಾವನ್ನೂ ಸೇರಿಸಿ ತೆಗೆದರೆ ಒಂದೇ ಊರು ಎರಡು ಊರಾಗಿ ಕಾಣುತ್ತದೆ. ಒಂದರ ವ್ಯಾಪಾರ 2014ಕ್ಕೆ ಮಕಾಡೆ ಮಲಗಿದ ಹಾಗೆ, ಇನ್ನೊಂದರದು ಅಲ್ಲಿಂದಲೇ ಹುಟ್ಟಿದ ಹಾಗೆ.

ತಾರೀಕಿನ ವಿಷಯಕ್ಕೆ ಬನ್ನಿ. 03-04-2023 ಅಂದರೆ ನಮಗೆ ಏಪ್ರಿಲ್ 3. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಮಾರ್ಚ್ 4. ನಮ್ಮ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಇದು ಬರೀ ತಿಂಗಳ ತಪ್ಪಲ್ಲ, ವರ್ಷವೇ ತಪ್ಪುತ್ತದೆ. 25-04-2023 ಅನ್ನುವುದನ್ನು ಅದು ತಾರೀಕು ಎಂದೇ ಒಪ್ಪುವುದಿಲ್ಲ, ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಗುರುತಿಸುವುದು ಸುಲಭ. ನೀವಾಗಿ ಜೋಡಣೆ ಬದಲಿಸಿರದಿದ್ದರೆ ನಿಜವಾದ ತಾರೀಕು ಖಾನೆಯ ಬಲಕ್ಕೆ ಅಂಟಿರುತ್ತದೆ, ಪಠ್ಯ ಎಡಕ್ಕೆ. ತಾರೀಕಿನ ಜಾಗದಲ್ಲಿ 45000 ಅಂತ ಏನಾದರೂ ಕಂಡರೆ ಗಾಬರಿ ಬೇಡ. ಅದು 2023ರ ಮಾರ್ಚ್ 15. ಎಕ್ಸೆಲ್ ಒಳಗೆ ತಾರೀಕನ್ನು ದಿನಗಳ ಎಣಿಕೆಯಾಗಿ ಇಡುತ್ತದೆ, ಫಾರ್ಮ್ಯಾಟ್ ಬದಲಿಸಿದರೆ ಸರಿಯಾಗುತ್ತದೆ.

ಕೋಡುಗಳನ್ನು ಯಾವಾಗಲೂ ಪಠ್ಯವಾಗಿಯೇ ಇಡಿ. ತೆಂಗಿನಕಾಯಿಯ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿ ಬಿಲ್ಲಿನಲ್ಲಿ ಸರಕು ಗುರುತಿಸುವ ಸಂಖ್ಯೆ) 0801. ಸಂಖ್ಯೆ ಎಂದು ಓದಿದರೆ ಮುಂದಿನ ಸೊನ್ನೆ ಹೋಗಿ 801 ಆಗುತ್ತದೆ, ಆಮೇಲೆ ಯಾವ ಪಟ್ಟಿಗೂ ತಾಳೆಯಾಗುವುದಿಲ್ಲ.

ಕನ್ನಡ ಇರುವ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲವೊಮ್ಮೆ ಕಸದಂಥ ಅಕ್ಷರ ಬರುತ್ತವೆ. ಡೇಟಾ ಮೆನುವಿನಿಂದ ಒಳಗೆ ತಂದು ಯುಟಿಎಫ್-8 ಆರಿಸಿ, ಸರಿಹೋಗುತ್ತದೆ. ಹಳೆಯ ಸರ್ಕಾರಿ ಫೈಲುಗಳದ್ದು ಬೇರೆ ಕಥೆ. ಅವು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿರುತ್ತವೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಮೊದಲು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳದೆ ಆ ಫೈಲಿನಲ್ಲಿ ಏನನ್ನೂ ಹುಡುಕಲು ಆಗುವುದಿಲ್ಲ.

ಹಂತ 4: ಎಸ್‌ಕ್ಯೂಎಲ್, ಎಂಟು ವಾರ

ಡೇಟಾಬೇಸ್‌ನ ಟೇಬಲ್‌ಗಳನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್, ಅದರಲ್ಲಿ ಬರೆದ ಪ್ರಶ್ನೆಯೇ ಕ್ವೆರಿ. ಇಲ್ಲಿ ಅವಸರ ಮಾಡಬೇಡಿ. ಟೂಲುಗಳು ಬರುತ್ತವೆ, ಹೋಗುತ್ತವೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಟೇಬಲ್‌ಗಳ ಲೆಕ್ಕಾಚಾರ ಹೀಗಿರಬೇಕು ಎಂದು ಬರೆದ ಮೇಲೆ ಅದೇ ತಳಪಾಯದ ಮೇಲೆ ಎಲ್ಲ ನಿಂತಿದೆ.

ಎಸ್‌ಕ್ಯೂಲೈಟ್ ಹಾಕಿಕೊಳ್ಳಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ಅದನ್ನು ತೆರೆದು ನೋಡಲು ಡಿಬಿ ಬ್ರೌಸರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲ ಎರಡು ವಾರ ಸೆಲೆಕ್ಟ್ (ಬೇಕಾದ ಕಾಲಂ ಆರಿಸುವುದು), ವೇರ್ (ಸೋಸುವುದು), ಆರ್ಡರ್ ಬೈ (ಕ್ರಮದಲ್ಲಿ ಇಡುವುದು). ಆಮೇಲೆ ಗ್ರೂಪ್ ಬೈ (ಗುಂಪು ಮಾಡುವುದು), ಹ್ಯಾವಿಂಗ್. ಆಮೇಲೆ ಮೂರು ವಾರ ಬರೀ ಜಾಯಿನ್, ಅಂದರೆ ಟೇಬಲ್‌ಗಳನ್ನು ಜೋಡಿಸುವುದು. ಉಳಿದದ್ದು ವಿಂಡೋ ಫಂಕ್ಷನ್‌ಗೆ (ಸಾಲುಗಳನ್ನು ಒಂದಾಗಿಸದೆ ಸಂಬಂಧಪಟ್ಟ ಸಾಲುಗಳ ಮೇಲೆ ಲೆಕ್ಕ ಮಾಡುವುದು).

ಒಂದು ವಿಷಯ ಮೊದಲೇ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಬರೆಯುವಾಗ ಸೆಲೆಕ್ಟ್ ಮೊದಲು ಬರುತ್ತದೆ, ಆದರೆ ನಡೆಯುವಾಗ ಅದು ಕೊನೆಯ ಹತ್ತಿರ. ಮೊದಲು ಫ್ರಮ್ (ಯಾವ ಟೇಬಲಿನಿಂದ) ಮತ್ತು ಜಾಯಿನ್, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆಮೇಲೆ ಸೆಲೆಕ್ಟ್, ಕೊನೆಗೆ ಆರ್ಡರ್ ಬೈ. ವೇರ್ ಒಂದೊಂದೇ ಸಾಲನ್ನು ಸೋಸುತ್ತದೆ, ಹ್ಯಾವಿಂಗ್ ಗುಂಪುಗಳನ್ನು ಸೋಸುತ್ತದೆ. ಇಂಟರ್‌ವ್ಯೂಗಳಲ್ಲಿ ಇದನ್ನು ಕೇಳೇ ಕೇಳುತ್ತಾರೆ.

ಈಗ ಮೊಪೆಡ್ಡಿನ ವಿಷಯ. ನನ್ನ ಬಳಿ ಎರಡು ಟೇಬಲ್ ಇದ್ದವು: ಬಿಲ್ಲು ಮತ್ತು ಜಮೆ. ಗುತ್ತಿಗೆದಾರರು, ಮೇಸ್ತ್ರಿಗಳು ಉದ್ರಿ ಒಯ್ಯುತ್ತಾರೆ, ಕಂತಿನಲ್ಲಿ ತೀರಿಸುತ್ತಾರೆ. ಒಂದು ಬಿಲ್ಲು 9,000 ರೂಪಾಯಿಯದು ಅಂತಿಟ್ಟುಕೊಳ್ಳಿ. ದುಡ್ಡು ಬಂದಿದ್ದು 3,000ದಂತೆ ಮೂರು ಸಲ. ಬಿಲ್ ನಂಬರ್ ಹಿಡಿದು ಎರಡೂ ಟೇಬಲ್ ಜಾಯಿನ್ ಮಾಡಿದರೆ ಆ ಒಂದು ಬಿಲ್ಲು ಮೂರು ಸಾಲಾಗುತ್ತದೆ. ಮೂರರಲ್ಲೂ ಬಿಲ್ಲಿನ ಮೊತ್ತ 9,000. ಮೊತ್ತ ಕೂಡಿದರೆ 27,000. ಚಿಕ್ಕಪ್ಪ 9,000ದ ಸಾಮಾನು ಕೊಟ್ಟು 27,000ದ ವ್ಯಾಪಾರ ಮಾಡಿದಂತಾಯಿತು.

ಅಷ್ಟೇ ಅಲ್ಲ. ಒಂದು ಕಂತೂ ಕಟ್ಟದ ಬಿಲ್ಲುಗಳು ಇನ್ನರ್ ಜಾಯಿನ್‌ನಲ್ಲಿ (ಎರಡೂ ಟೇಬಲಿನಲ್ಲಿ ಇರುವುದನ್ನು ಮಾತ್ರ ಉಳಿಸುವ ಜೋಡಣೆ) ಮಾಯವಾಗಿದ್ದವು. ಅಂದರೆ ಒಂದು ಕಡೆ ಮಾರಾಟ ಉಬ್ಬಿತ್ತು, ಇನ್ನೊಂದು ಕಡೆ ಮುಖ್ಯವಾಗಿ ನೋಡಬೇಕಾದ ಬಾಕಿದಾರರೇ ಕಾಣೆಯಾಗಿದ್ದರು. ಪರದೆಯ ಮೇಲೆ ಕೆಂಪು ಎಚ್ಚರಿಕೆ ಏನೂ ಬರಲಿಲ್ಲ. ಕ್ವೆರಿ ಚೆನ್ನಾಗಿಯೇ ಓಡಿತು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಜಮೆ ಟೇಬಲನ್ನು ಬಿಲ್ ನಂಬರ್ ಪ್ರಕಾರ ಗ್ರೂಪ್ ಮಾಡಿ, ಬಿಲ್ಲಿಗೆ ಒಂದೇ ಸಾಲು ಬರುವಂತೆ ಮೊತ್ತ ಕೂಡಿಸಿ. ಆಮೇಲೆ ಬಿಲ್ಲನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿ, ಎಡಗಡೆಯ ಸಾಲುಗಳೆಲ್ಲ ಉಳಿಯುತ್ತವೆ. ಪ್ರತಿ ಜಾಯಿನ್ ಮುಂಚೆ ಸಾಲು ಎಣಿಸಿ, ಆದ ಮೇಲೆ ಮತ್ತೆ ಎಣಿಸಿ. 4,000 ಬಿಲ್ಲಿದ್ದರೆ ಆಮೇಲೂ 4,000 ಇರಬೇಕು. ಈಗಲೂ ಆಫೀಸಿನಲ್ಲಿ ನಾನು ಇದನ್ನು ಮಾಡದೆ ಯಾವ ಸಂಖ್ಯೆಯನ್ನೂ ಕಳಿಸುವುದಿಲ್ಲ.

ಅಲುಗಾಡದ ಸರಕಿನ ಪ್ರಶ್ನೆಗೂ ಲೆಫ್ಟ್ ಜಾಯಿನ್ನೇ ಉತ್ತರ. ಮಾರಾಟದ ಟೇಬಲಿನಲ್ಲಿ ಹುಡುಕಿದರೆ ಮಾರಾಟವಾದದ್ದು ಮಾತ್ರ ಸಿಗುತ್ತದೆ. ಮಾರಾಟವಾಗದ್ದು ಅಲ್ಲಿ ಹೇಗಿರುತ್ತದೆ? ಹಾಗಾಗಿ ಸಾಮಾನಿನ ಪಟ್ಟಿ ಎಡಕ್ಕೆ, ಮಾರಾಟ ಬಲಕ್ಕೆ. ಬಲಕ್ಕೆ ಏನೂ ಸಿಗದೆ ನಲ್ (ಖಾಲಿ) ಬಂದ ಸಾಲುಗಳೇ ಕೂತ ಸರಕು. ಇಲ್ಲೊಂದು ಗುಂಡಿ ಇದೆ, ನಾನು ಎರಡು ದಿನ ಅದರೊಳಗಿದ್ದೆ. "ಕಳೆದ ಆರು ತಿಂಗಳು" ಅನ್ನುವ ತಾರೀಕಿನ ಷರತ್ತನ್ನು ವೇರ್‌ನಲ್ಲಿ ಹಾಕಿದರೆ ನಲ್ ಇರುವ ಸಾಲುಗಳೆಲ್ಲ ಸೋಸಿಹೋಗುತ್ತವೆ, ಪಟ್ಟಿ ಖಾಲಿ ಬರುತ್ತದೆ. ನಲ್ ಯಾವ ತಾರೀಕಿಗಿಂತಲೂ ದೊಡ್ಡದಲ್ಲ, ಚಿಕ್ಕದೂ ಅಲ್ಲ. ತಾರೀಕಿನ ಷರತ್ತು ಜಾಯಿನ್‌ನ ಆನ್ ಭಾಗದಲ್ಲಿರಬೇಕು. ವೇರ್‌ನಲ್ಲಿ "ಬಲಗಡೆ ನಲ್ ಇದೆಯೇ" ಎಂಬುದು ಮಾತ್ರ ಇರಬೇಕು.

ಕ್ವೆರಿಯನ್ನು ಎಐ ಬರೆದುಕೊಡುತ್ತದಲ್ಲ ಎಂದು ಕೇಳಬಹುದು. ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ. ಆದರೆ ನಿಮ್ಮ ಜಮೆ ಟೇಬಲಿನಲ್ಲಿ ಒಂದು ಬಿಲ್ಲಿಗೆ ಮೂರು ಸಾಲಿದೆ ಎಂದು ನೀವು ಹೇಳದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಬಳಸಿ. ಬಳಸಿದ ಮೇಲೆ ಐದು ಬಿಲ್ಲು ತೆಗೆದು ಕ್ಯಾಲ್ಕುಲೇಟರಿನಲ್ಲಿ ಕೂಡಿ ನೋಡಿ.

ಹಂತ 5: ಕಾಗದದ ಮೇಲೆ ನಕ್ಷತ್ರ

ಎರಡು ವಾರ ಸಾಕು, ಕಂಪ್ಯೂಟರ್ ಬೇಡ. ಡೇಟಾಬೇಸ್ ತಜ್ಞ ರಾಲ್ಫ್ ಕಿಂಬಲ್ 1990ರ ದಶಕದಲ್ಲಿ ಜನಪ್ರಿಯ ಮಾಡಿದ ಸ್ಟಾರ್ ಸ್ಕೀಮಾವನ್ನು ಕಾಗದದ ಮೇಲೆ ಬಿಡಿಸಿ ಕಲಿಯಿರಿ. ನಡುವೆ ಫ್ಯಾಕ್ಟ್ ಟೇಬಲ್: ಏನು ನಡೆಯಿತು, ಎಷ್ಟು, ಎಷ್ಟಕ್ಕೆ. ಸುತ್ತ ಡೈಮೆನ್ಷನ್ ಟೇಬಲ್‌ಗಳು: ಯಾವ ಸಾಮಾನು, ಯಾವ ಗಿರಾಕಿ, ಯಾವ ದಿನ, ಯಾವ ಗೋದಾಮು.

ಬಿಡಿಸುವ ಮುಂಚೆ ಒಂದು ವಾಕ್ಯ ಬರೆಯಬೇಕು: "ನನ್ನ ಫ್ಯಾಕ್ಟ್ ಟೇಬಲಿನ ಒಂದು ಸಾಲು ಅಂದರೆ ________." ಒಂದು ಬಿಲ್ಲೇ? ಬಿಲ್ಲಿನೊಳಗಿನ ಒಂದು ಸಾಮಾನೇ? ಒಂದು ಕಂತೇ? ಇದಕ್ಕೆ ಗ್ರೇನ್ ಅನ್ನುತ್ತಾರೆ. ಸಂಕ್ರಾಂತಿಯ ದಿನ ನನಗೆ ಈ ವಾಕ್ಯ ಬರೆಯಲು ಬಂದಿದ್ದರೆ ಮಾರಾಟ ಉಬ್ಬುತ್ತಿರಲಿಲ್ಲ. ಬಿಲ್ಲಿಗೂ ಜಮೆಗೂ ಗ್ರೇನ್ ಬೇರೆ. ಎರಡೂ ಬೇರೆ ಬೇರೆ ಫ್ಯಾಕ್ಟ್ ಟೇಬಲ್ ಆಗಬೇಕು, ನಡುವೆ ಗಿರಾಕಿ ಮತ್ತು ದಿನಾಂಕದ ಡೈಮೆನ್ಷನ್ ಹಂಚಿಕೊಳ್ಳಬೇಕು.

ಇನ್ನೊಂದು ಸ್ವಾರಸ್ಯದ ತೊಡಕು ಕಾಲದ ಜತೆ ಬದಲಾಗುವ ಮಾಹಿತಿ. ಹೊಸಪೇಟೆಯ ಒಬ್ಬ ಗಿರಾಕಿ 2020ರಲ್ಲಿ ಬಳ್ಳಾರಿ ಜಿಲ್ಲೆಯವರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಅವರು ಇದ್ದಲ್ಲೇ ಇದ್ದರು. ಜಿಲ್ಲೆಯ ಹೆಸರನ್ನು ಅಳಿಸಿ ಹೊಸದು ಬರೆದರೆ 2020ರ ಮಾರಾಟವೂ ವಿಜಯನಗರದ್ದಾಗುತ್ತದೆ. ಹಳೆಯದನ್ನು ಹಾಗೇ ಬಿಟ್ಟು "ಯಾವತ್ತಿನಿಂದ, ಯಾವತ್ತಿನವರೆಗೆ" ಎಂದು ಬರೆದು ಹೊಸ ಸಾಲು ಸೇರಿಸಿದರೆ ಇತಿಹಾಸ ಉಳಿಯುತ್ತದೆ, ಆದರೆ ಬಳ್ಳಾರಿಯ ಚಾರ್ಟಿನಲ್ಲಿ 2021ರ ಆಚೆ ಇಳಿಜಾರು ಕಾಣುತ್ತದೆ. ಮೊದಲನೆಯದಕ್ಕೆ ಟೈಪ್ 1, ಎರಡನೆಯದಕ್ಕೆ ಟೈಪ್ 2 ಎಂದು ಹೆಸರು. ಯಾವುದು ಸರಿ? ನೋಡುವವರ ಪ್ರಶ್ನೆ ಏನು ಅನ್ನುವುದರ ಮೇಲಿದೆ. ಅವರನ್ನೇ ಕೇಳಿ.

ಹಂತ 6: ಈಗ ಪವರ್ ಬಿಐ

ಡ್ಯಾಶ್‌ಬೋರ್ಡ್ ಮಾಡಲು ಟ್ಯಾಬ್ಲೋ ಕಲಿಯಲೇ, ಪವರ್ ಬಿಐ ಕಲಿಯಲೇ, ಲುಕರ್ ಸ್ಟುಡಿಯೋ ಕಲಿಯಲೇ ಎಂದು ವಾರಗಟ್ಟಲೆ ಚರ್ಚೆ ಮಾಡುವವರಿದ್ದಾರೆ. ಒಂದನ್ನು ಹಿಡಿಯಿರಿ. ನಾನು ಪವರ್ ಬಿಐ ಹಿಡಿದೆ, ಎಕ್ಸೆಲ್ ಬಂದವರಿಗೆ ಅದು ಹತ್ತಿರ. ಡೆಸ್ಕ್‌ಟಾಪ್ ಆವೃತ್ತಿ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆನ್‌ಲೈನ್ ಸೇವೆಗೆ ಜಿಮೇಲ್ ವಿಳಾಸ ನಡೆಯುವುದಿಲ್ಲ, ಕಾಲೇಜಿನ ಅಥವಾ ಆಫೀಸಿನ ಇಮೇಲ್ ಬೇಕು. ಇದ್ದರೆ ಓದು ಮುಗಿಯುವ ಮುಂಚೆ ಬಳಸಿಕೊಳ್ಳಿ. 'ಪಬ್ಲಿಶ್ ಟು ವೆಬ್' ಒತ್ತಿದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಅಂಗಡಿಯ ನಿಜವಾದ ಸಂಖ್ಯೆಗಳೊಂದಿಗೆ ಅದನ್ನು ಒತ್ತಲೇಬೇಡಿ.

ಒಳಗೆ ಡ್ಯಾಕ್ಸ್ ಎಂಬ ಸೂತ್ರದ ಭಾಷೆ ಇದೆ. ಅದರಲ್ಲಿ ಕಾಲಂ ಬೇರೆ, ಮೆಷರ್ ಬೇರೆ. ಕಾಲಂ ಒಂದೊಂದು ಸಾಲಿಗೂ ಲೆಕ್ಕ ಹಾಕಿಡುತ್ತದೆ, ಮೆಷರ್ ತೋರಿಸುವ ಹೊತ್ತಿಗೆ ಎಲ್ಲ ಸಾಲುಗಳನ್ನು ಸೇರಿಸಿ ಲೆಕ್ಕ ಹಾಕುತ್ತದೆ. ಲಾಭದ ಶೇಕಡಾವಾರನ್ನು ಉದಾಹರಣೆಗೆ ತೆಗೆದುಕೊಳ್ಳಿ. 100 ರೂಪಾಯಿಯ ಒಂದು ಬೀಗದಲ್ಲಿ 50 ರೂಪಾಯಿ ಲಾಭ, ಅಂದರೆ ಶೇ. 50. 10,000 ರೂಪಾಯಿಯ ಪೈಪಿನಲ್ಲಿ 500 ಲಾಭ, ಅಂದರೆ ಶೇ. 5. ಪ್ರತಿ ಸಾಲಿಗೂ ಶೇಕಡಾವಾರು ಕಾಲಂ ಮಾಡಿ ಸರಾಸರಿ ತೆಗೆದರೆ ಶೇ. 27.5 ಬರುತ್ತದೆ. ನಿಜವಾದ ಲಾಭ? 10,100 ರೂಪಾಯಿ ವ್ಯಾಪಾರಕ್ಕೆ 550, ಸುಮಾರು ಶೇ. 5.4. ಶೇಕಡಾವಾರನ್ನು ಯಾವತ್ತೂ ಮೆಷರ್ ಆಗಿ ಬರೆಯಿರಿ: ಲಾಭದ ಮೊತ್ತವನ್ನು ಮಾರಾಟದ ಮೊತ್ತದಿಂದ ಭಾಗಿಸಿ, ಡಿವೈಡ್ ಫಂಕ್ಷನ್ ಬಳಸಿ. ಈ ಲೆಕ್ಕ ಅರ್ಥವಾದ ದಿನ ಡ್ಯಾಕ್ಸ್‌ನ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಕ್ಯಾಲ್ಕುಲೇಟ್ ಫಂಕ್ಷನ್, ಅಂದರೆ ಫಿಲ್ಟರ್ ಬದಲಿಸಿ ಲೆಕ್ಕ ಮಾಡುವುದು. ಅದನ್ನು ನಿಧಾನವಾಗಿ, ಒಂದೊಂದೇ ಫಿಲ್ಟರ್ ಹಾಕಿ ತೆಗೆದು ನೋಡಬೇಕು, ಬೇರೆ ದಾರಿ ಇಲ್ಲ.

ನಮ್ಮ ದೇಶಕ್ಕೆ ಎರಡು ಹೊಂದಾಣಿಕೆ ಬೇಕಾಗುತ್ತದೆ. ವರ್ಷದ ಆರಂಭದಿಂದ ಇವತ್ತಿನವರೆಗಿನ ಮೊತ್ತ ತೆಗೆಯುವ ಟೋಟಲ್‌ವೈಟಿಡಿ ಫಂಕ್ಷನ್ ಸುಮ್ಮನೆ ಬಿಟ್ಟರೆ ಡಿಸೆಂಬರ್ 31ಕ್ಕೆ ವರ್ಷ ಮುಗಿಸುತ್ತದೆ. ಕೊನೆಯಲ್ಲಿ ಮಾರ್ಚ್ 31 ಎಂದು ಕೊಡಬೇಕು. ದೊಡ್ಡ ಸಂಖ್ಯೆಗಳನ್ನು ಅದು ಮಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ. 1,00,000ದಿಂದ ಭಾಗಿಸಿದ ಮೆಷರ್ ಮಾಡಿ ಮೇಲೆ 'ಲಕ್ಷ ರೂ.' ಎಂದು ಬರೆಯಿರಿ. 2.4 ಮಿಲಿಯನ್ ಎಂದರೆ ಚಿಕ್ಕಪ್ಪನಿಗೆ ಏನೂ ಅನಿಸುವುದಿಲ್ಲ. 24 ಲಕ್ಷ ಎಂದರೆ ಅನಿಸುತ್ತದೆ.

ಹಂತ 7: ತೋರಿಸುವುದು, ಬೈಸಿಕೊಳ್ಳುವುದು

ಚಾರ್ಟಿನ ನಿಯಮಗಳು ಬಹಳ ಇವೆ, ನಾಲ್ಕು ಸಾಕು. ಕಂಬದ ಚಾರ್ಟು ಸೊನ್ನೆಯಿಂದಲೇ ಶುರುವಾಗಬೇಕು. ಕಾಲದ ಜತೆ ಬದಲಾಗುವುದಕ್ಕೆ ಗೆರೆ. ಪೈ ಚಾರ್ಟಿನಲ್ಲಿ ಮೂರಕ್ಕಿಂತ ಜಾಸ್ತಿ ತುಂಡು ಬೇಡ. ತಲೆಬರಹ 'ತಿಂಗಳವಾರು ಮಾರಾಟ' ಅಂತಿರಬಾರದು, 'ಮಳೆ ಹಿಡಿದ ಮೇಲೆ ಸಿಮೆಂಟ್ ಮಾರಾಟ ಇಳಿಯಿತು' ಅಂತಿರಬೇಕು. ಕಂಬದ ಚಾರ್ಟನ್ನು ವಿಲಿಯಂ ಪ್ಲೇಫೇರ್ 1786ರಲ್ಲೇ ಅಚ್ಚು ಹಾಕಿಸಿದ್ದರು. ಅಂದಿನಿಂದ ಅದಕ್ಕಿಂತ ಸುಲಭವಾಗಿ ಓದಿಸಿಕೊಳ್ಳುವ ಚಾರ್ಟು ನನಗಂತೂ ಸಿಕ್ಕಿಲ್ಲ. ಸ್ಪೀಡೋಮೀಟರ್ ಥರದ ಗೇಜುಗಳು ನೋಡಲು ಚೆಂದ, ಒಂದೇ ಸಂಖ್ಯೆ ಹೇಳಲು ಅಷ್ಟೊಂದು ಜಾಗ ತಿನ್ನುತ್ತವೆ.

ಮೇ ರಜೆಯಲ್ಲಿ ಎರಡನೇ ಸಲ ಊರಿಗೆ ಹೋದೆ. ಈ ಸಲ ಮಾರಾಟದ ಮೊತ್ತ ಟ್ಯಾಲಿಯ ಮೊತ್ತಕ್ಕೆ ರೂಪಾಯಿ ರೂಪಾಯಿ ತಾಳೆಯಾಗಿತ್ತು. ಕೂತ ಸರಕಿನ ಪುಟಕ್ಕೆ ಫಿಲ್ಟರ್, ಬಣ್ಣ ಎಲ್ಲ ಹಾಕಿದ್ದೆ. ಚಿಕ್ಕಪ್ಪ ನೋಡಿ, "ಇದೆಲ್ಲ ಬೇಡ, ಪ್ರಿಂಟ್ ಕೊಡು" ಅಂದರು. ಯಾವ ಗೋದಾಮು, ಯಾವ ರ‍್ಯಾಕು, ಎಷ್ಟು ಉಳಿದಿದೆ, ಎಷ್ಟು ದುಡ್ಡು ಸಿಕ್ಕಿಹಾಕಿಕೊಂಡಿದೆ. ಜಾಸ್ತಿ ದುಡ್ಡಿನದು ಮೇಲೆ. ಎರಡು ಹಾಳೆ ಆಯಿತು. ಐದು ವಾರದ ಪವರ್ ಬಿಐ ಕೊನೆಗೆ ಎರಡು ಹಾಳೆ ಆಗಿದ್ದಕ್ಕೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಅವರು ಪೆನ್ಸಿಲ್ ಹಿಡಿದು ಗೋದಾಮಿಗೆ ಹೋದರು, ನಾನೂ ಹಿಂದೆ ಹೋದೆ. ಅರ್ಧ ಗಂಟೆಯಲ್ಲಿ 14 ಸಾಲು ಹೊಡೆದುಹಾಕಿದರು. ಮೊದಲನೆಯದೇ ಟಾರ್ಪಾಲು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು. "ಇದು ಕೂತಿಲ್ಲ ಕಣೇ, ಮಳೆ ಕಾಯ್ತಾ ಇದೆ" ಅಂದರು. ನಾನು ಹಿಡಿದ ಆರು ತಿಂಗಳು ನವೆಂಬರಿನಿಂದ ಏಪ್ರಿಲ್. ಆ ಹೊತ್ತಲ್ಲಿ ಟಾರ್ಪಾಲು ಯಾರು ಕೊಳ್ಳುತ್ತಾರೆ? ಕ್ವೆರಿ ಸರಿ ಇತ್ತು, ಪ್ರಶ್ನೆ ತಪ್ಪಿತ್ತು. ಅವತ್ತು ರಾತ್ರಿ ಷರತ್ತು ಬದಲಿಸಿದೆ: ಕಳೆದ ಆರು ತಿಂಗಳಲ್ಲಿ ಮಾರಾಟವಿಲ್ಲ, ಜತೆಗೆ ಹಿಂದಿನ ಮಳೆಗಾಲದಲ್ಲೂ ಇಲ್ಲ. ಪಟ್ಟಿ ಒಂದೇ ಹಾಳೆಗೆ ಇಳಿಯಿತು.

ನೀವೂ ಇದನ್ನೇ ಮಾಡಿ. ಡ್ಯಾಶ್‌ಬೋರ್ಡ್ ಮುಗಿಸಿ ತೋರಿಸಬೇಡಿ, ಅರ್ಧಕ್ಕೆ ತೋರಿಸಿ. ಪ್ರಿಂಟ್ ತೆಗೆದು ಕೈಗೆ ಪೆನ್ಸಿಲ್ ಕೊಡಿ. ಅವರು ಹೊಡೆದ ಒಂದೊಂದು ಗೆರೆಗೂ ಕಾರಣ ಕೇಳಿ ಬರೆದುಕೊಳ್ಳಿ. ಆ ಕಾರಣಗಳು ಟ್ಯಾಲಿಯಲ್ಲಿ ಇರುವುದಿಲ್ಲ.

ಹಂತ 8: ಕೆಲಸ ಹುಡುಕುವಾಗ

ಮೈಕ್ರೋಸಾಫ್ಟ್‌ನ ಪಿಎಲ್-300 ಪರೀಕ್ಷೆ ಪವರ್ ಬಿಐಗೆ ಸಂಬಂಧಿಸಿದ್ದು. ಮೇಲಿನ ಹಂತಗಳು ಮುಗಿದಿದ್ದರೆ ಅದಕ್ಕೆ ಅರ್ಧ ತಯಾರಿ ಆದಂತೆ. ರೆಸ್ಯೂಮೆ ಮೊದಲ ಸುತ್ತು ದಾಟಲು ಸಹಾಯವಾಗುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ದುಡ್ಡು ಬಿಗಿಯಾಗಿದ್ದರೆ ಬಿಡಿ. ಹುಡುಕುವಾಗ 'ಬಿಐ ಡೆವಲಪರ್' ಎಂದಷ್ಟೇ ಹುಡುಕಬೇಡಿ. 'ಡೇಟಾ ಅನಾಲಿಸ್ಟ್', 'ರಿಪೋರ್ಟಿಂಗ್ ಅನಾಲಿಸ್ಟ್', 'ಎಂಐಎಸ್ ಎಕ್ಸಿಕ್ಯುಟಿವ್' ಎಂದೂ ಹುಡುಕಿ. ಎಂಐಎಸ್ (ಕಂಪನಿಯೊಳಗಿನ ವರದಿ ತಯಾರಿಸುವ) ಕೆಲಸದಲ್ಲಿ ಮುಕ್ಕಾಲು ಪಾಲು ಎಕ್ಸೆಲ್ಲೇ ಇರುತ್ತದೆ. ಅದನ್ನು ಕೀಳಾಗಿ ಕಾಣಬೇಡಿ, ನಾನು ಶುರು ಮಾಡಿದ್ದು ಅಲ್ಲೇ.

ಎಂ.ಕಾಂ. ಅಥವಾ ಎಂಬಿಎ ಪ್ರಾಜೆಕ್ಟ್ ವರದಿಗೆ ಇದೇ ಅಂಗಡಿಯನ್ನು ತೆಗೆದುಕೊಂಡರೆ ಎರಡು ಕೆಲಸ ಒಂದೇ ಸಲ ಆಗುತ್ತದೆ. ಕೋಡ್, ಪ್ರಾಜೆಕ್ಟ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಹಾಕುವಾಗ ಸಂಖ್ಯೆಗಳನ್ನು ಯಾವುದಾದರೂ ಗುಟ್ಟಿನ ಅಂಕಿಯಿಂದ ಗುಣಿಸಿ ಬದಲಿಸಿ, ಹೆಸರುಗಳನ್ನು ತೆಗೆಯಿರಿ. ವಿವರಣೆಯಲ್ಲಿ ಮೊದಲು ಪ್ರಶ್ನೆ ಬರೆಯಿರಿ, ಆಮೇಲೆ ಒಂದು ಸಾಲಿನ ಅರ್ಥ, ಆಮೇಲೆ ಮಾಡಿದ ತಪ್ಪುಗಳು ಮತ್ತು ಸರಿಪಡಿಸಿದ ರೀತಿ. ಚಾರ್ಟಿನ ಚಿತ್ರ ಕೊನೆಗೆ.

ನನ್ನ ಇಂಟರ್‌ವ್ಯೂನಲ್ಲಿ ಎಸ್‌ಕ್ಯೂಎಲ್ ಪ್ರಶ್ನೆಗಳು ಹತ್ತು ನಿಮಿಷಕ್ಕೆ ಮುಗಿದವು. ಎರಡನೇ ಅತಿ ಹೆಚ್ಚು ಸಂಬಳ, ಡೂಪ್ಲಿಕೇಟ್ ಸಾಲು ಹುಡುಕುವುದು, ಅವೇ ಮಾಮೂಲಿ. ಆಮೇಲೆ ಪ್ರಾಜೆಕ್ಟ್ ಬಗ್ಗೆ ಹೇಳಿ ಅಂದರು. ಫೋನಿನಲ್ಲಿದ್ದ ಹಾಳೆಯ ಫೋಟೋ ತೋರಿಸಿದೆ, ಪೆನ್ಸಿಲ್ ಗೆರೆ ಹೊಡೆದದ್ದು. ಉಳಿದ ಅರ್ಧ ಗಂಟೆ ಟಾರ್ಪಾಲಿನ ಮೇಲೇ ಹೋಯಿತು. ನಿಮ್ಮ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಗಿರಾಕಿಗಳ ಹೆಸರು ಕಾಣದ ಹಾಗೆ.